ಭಾವ ಪವರ್ ಸ್ಟೀರಿಂಗ್ ಆಯಿಲ್ ಬದಲಿಸಿದ್ದು

ನನ್ನ ಭಾವ ರೈಲ್ವೆಯಲ್ಲಿದ್ದರು. ಹಾಗೆಂದ ಕೂಡಲೇ ಕೇಳಿದವರು ಇವರೇನೋ ಎಂಜಿನ್ ಬಿಚ್ಚಿ ಜೋಡಿಸುವ ಮನುಷ್ಯರಿರಬೇಕು ಅಂದುಕೊಳ್ಳುತ್ತಿದ್ದರು. ಭಾವ ಆ ತಪ್ಪನ್ನು ಒಮ್ಮೆಯೂ ತಿದ್ದಲಿಲ್ಲ. ಆಫೀಸಿನಲ್ಲಿ ಅವರ ಕೆಲಸ ವೇಳಾಪಟ್ಟಿಯ ಕರಡು ತಿದ್ದುವುದು. ಗೂಡ್ಸ್ ಗಾಡಿ ಯಾವ ಸ್ಟೇಷನ್ನಿನಲ್ಲಿ ಎಷ್ಟು ನಿಮಿಷ ನಿಲ್ಲುತ್ತದೆ ಅನ್ನುವುದು ಅವರಿಗೆ ಬಾಯಿಪಾಠ. ಆದರೆ ಮನೆಯ ಫ್ಯೂಸ್ ಹೋದರೆ ಸ್ಟೂಲ್ ಹತ್ತುತ್ತಿದ್ದವಳು ನಮ್ಮಕ್ಕ. ಟಾರ್ಚ್ ಹಿಡಿದುಕೊಂಡು ಕೆಳಗೆ ನಿಂತು “ಹುಷಾರು, ಹುಷಾರು” ಅನ್ನುತ್ತಿದ್ದವರು ಭಾವ.

ಎಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಮದ್ರಾಸಿನ ಒಂದು ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ, ಅಣ್ಣಾ ನಗರದಲ್ಲಿದ್ದ ಅಕ್ಕನ ಮನೆಯ ಮಹಡಿ ಕೋಣೆಯಲ್ಲಿದ್ದೆ. ಆಗಲೇ ಭಾವ ಆ ಕಾರು ತಂದದ್ದು. ಊರು ಬಿಟ್ಟು ಹೊರಟಿದ್ದ ಅಮೆರಿಕದವನೊಬ್ಬನ ಹಳೆಯ ಕಾರು, ಬೂದು ಬಣ್ಣ, ನಮ್ಮ ಕಾಂಪೌಂಡಿಗಿಂತ ಉದ್ದ. ಗೇಟು ಹಾಕಲು ಆಗುತ್ತಿರಲಿಲ್ಲ. ಹಿಂಭಾಗ ಎರಡು ಅಡಿ ಬೀದಿಗೆ ಚಾಚಿಕೊಂಡು, ಅದರ ನೆರಳಿನಲ್ಲಿ ಪಕ್ಕದ ಬೀದಿಯ ಎಮ್ಮೆ ಮಲಗುತ್ತಿತ್ತು.

ಸ್ಟೀರಿಂಗ್ ಎಡಗಡೆ ಇದ್ದ ಕಾರು ಅದು. ನಮ್ಮ ರಸ್ತೆಯಲ್ಲಿ ಮುಂದಿನ ಗಾಡಿಯನ್ನು ದಾಟುವಾಗ ಎದುರಿನಿಂದ ಏನು ಬರುತ್ತಿದೆ ಅಂತ ಎಡಗಡೆ ಕೂತ ಭಾವನಿಗೆ ಕಾಣುತ್ತಿರಲಿಲ್ಲ. ಹಾಗಾಗಿ ಅಕ್ಕ ಬಲಗಡೆ ಕೂತು, ಕಿಟಕಿಯಿಂದ ಕತ್ತು ಹೊರಗೆ ಚಾಚಿ, “ಹೋಗಬಹುದು... ಬೇಡ, ಬೇಡ, ಲಾರಿ... ಈಗ ಹೋಗಿ” ಅನ್ನುತ್ತಿದ್ದಳು. ಎರಡು ವರ್ಷ ಆ ಕಾರನ್ನು ಓಡಿಸಿದವಳು ಅವಳೇ. ಭಾವ ಪೆಡಲ್ ಒತ್ತುತ್ತಿದ್ದರು, ಅಷ್ಟೇ.

ಭಾವನ ಹೆಮ್ಮೆಯೆಲ್ಲ ಇದ್ದದ್ದು ಪವರ್ ಸ್ಟೀರಿಂಗಿನಲ್ಲಿ. ನಮ್ಮ ಬೀದಿಯ ಉಳಿದ ಕಾರುಗಳನ್ನು ತಿರುಗಿಸಬೇಕಾದರೆ ರುಬ್ಬುಗುಂಡು ತಿರುಗಿಸಿದಷ್ಟು ಶ್ರಮ ಬೇಕು. ಇದರೊಳಗೆ ಎಂಜಿನ್ನಿನಿಂದ ಓಡುವ ಒಂದು ಸಣ್ಣ ಪಂಪು ಎಣ್ಣೆಯನ್ನು ಒತ್ತಿ ತಳ್ಳಿ ಕೈಗೆ ಬಲ ಕೊಡುತ್ತಿತ್ತು. ಮನೆಗೆ ಬಂದವರು ಕಾಫಿ ಲೋಟ ಕೆಳಗಿಡುವ ಮೊದಲೇ ಅವರನ್ನು ಹೊರಗೆ ಕರೆದೊಯ್ದು, ಎಂಜಿನ್ ಚಾಲೂ ಮಾಡಿ, ಕಿರುಬೆರಳೊಂದರಲ್ಲೇ ಚಕ್ರ ತಿರುಗಿಸಿ ತೋರಿಸುತ್ತಿದ್ದರು. “ಒಂದೇ ಬೆರಳು! ನೋಡ್ಕೊಳ್ಳಿ.” ಆ ಬೆರಳನ್ನು ಬೇರೆ ಯಾವ ಕೆಲಸಕ್ಕೂ ಬಳಸಿದ್ದನ್ನು ನಾನು ಕಂಡಿಲ್ಲ.

ಒಂದು ಶುಕ್ರವಾರ ಆಫೀಸಿನಲ್ಲಿ ಯಾರೋ, ಆ ಎಣ್ಣೆಯನ್ನು ಆಗಾಗ ಬದಲಿಸಬೇಕು ಅಂತ ಹೇಳಿಬಿಟ್ಟರು. ಭಾನುವಾರ ಬೆಳಿಗ್ಗೆ ಭಾವ ಬನಿಯನ್ ತೊಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು ಸಿದ್ಧರಾದರು. ಮೆಕ್ಯಾನಿಕ್ ಹತ್ತಿರ ಹೋಗೋಣ ಅಂದಳು ಅಕ್ಕ.

“ಮೆಕ್ಯಾನಿಕ್ಕಾ? ಅವನಿಗೆ ಏನ್ ತೆರಿಯುಂ? ಇದೆಲ್ಲ ನಮ್ಮ ರೈಲ್ವೆಲಿ ದಿನಾ ನಡಿಯೋ ಕೆಲಸ.”

ಅಕ್ಕ ಫಿಸಿಕ್ಸ್ ಓದಿದವಳು. ಮದುವೆಯಾದ ಮೇಲೆ ಓದಲು ಬೇರೇನೂ ಸಿಗದೆ, ಕಾರಿನ ಜೊತೆ ಬಂದ ಕೈಪಿಡಿಯನ್ನೇ ಎರಡು ಸಲ ಓದಿ ಮುಗಿಸಿದ್ದಳು. ಒಳಗಿನಿಂದ ಅದನ್ನು ತಂದು ಪುಟ ತೆಗೆದು ಹಿಡಿದಳು. “ಏನೂಂದ್ರೆ, ಇದಕ್ಕೆ ಬೇರೆ ಆಯಿಲ್ ಬೇಕಂತೆ, ಕೆಂಪಗಿರತ್ತಂತೆ. ಬ್ರೇಕ್ ಆಯಿಲ್ ಹಾಕಲೇಬಾರದು ಅಂತ ದಪ್ಪ ಅಕ್ಷರದಲ್ಲಿ ಬರೆದಿದಾರೆ.”

ಭಾವನ ಕೈಯಲ್ಲಿದ್ದದ್ದು ಬ್ರೇಕ್ ಆಯಿಲ್ ಡಬ್ಬಿಯೇ.

“ಅದು ಅಮೆರಿಕಾ ಹವೆಗೆ ಬರೆದಿರೋದು ಕಣೆ. ಮದ್ರಾಸ್ ಬಿಸಿಲಿಗೆ ಅದೆಲ್ಲ ಒತ್ತುವರಾದು, ಆಗಿಬರಲ್ಲ. ಆಯಿಲ್ ಅಂದ್ರೆ ಆಯಿಲ್ ತಾನೆ?”

ಅಕ್ಕ ಪುಸ್ತಕ ಮುಚ್ಚಿ ನನ್ನ ಕೈಗಿಟ್ಟು ಒಳಗೆ ಹೋದಳು. ಆ ಪುಟವನ್ನು ನಾನೂ ಓದಿದೆ. ದಪ್ಪ ಅಕ್ಷರಗಳು ನನಗೂ ಕಂಡವು. ಆದರೆ ನಾನು ಅವರ ಮನೆಯ ಮಹಡಿಯಲ್ಲಿದ್ದವಳು, ಅವರ ಕಾಫಿ ಕುಡಿಯುತ್ತಿದ್ದವಳು. ತೆಪ್ಪಗಿದ್ದೆ. ಭಾವನನ್ನು ಹೀಯಾಳಿಸುವಾಗೆಲ್ಲ ಆ ನನ್ನ ಮೌನವೂ ನೆನಪಾಗುತ್ತದೆ; ಅದಕ್ಕೂ ನಾನು ಮರ್ಯಾದೆ ಕೊಡಲಾರೆ.

ಕಾರಿನ ಮುಂಭಾಗವನ್ನು ಜಾಕಿಯಿಂದ ಎತ್ತಿ ಕೆಳಗೆ ಇಟ್ಟಿಗೆ ಇಟ್ಟರು. ಪಂಪಿಗೆ ಎಣ್ಣೆ ಮರಳುವ ರಬ್ಬರ್ ಪೈಪನ್ನು ಎಳೆದು ಬಿಚ್ಚಿ, ಅದರ ಬಾಯಿಯನ್ನು ಅಕ್ಕ ಚಕ್ಕುಲಿ ಕರಿಯುವ ಬಾಣಲೆಗೆ ಬಿಟ್ಟರು. ಬಾಣಲೆ ಕೇಳಿ ತೆಗೆದುಕೊಂಡದ್ದಲ್ಲ. ಎದುರು ಮನೆಯ ರಿಟೈರ್ಡ್ ತಮಿಳು ಮೇಷ್ಟ್ರು ಬೆಳ್ಳಗಿನ ವೇಷ್ಟಿ ಉಟ್ಟು ನೋಡಲು ಬಂದಿದ್ದರು. ಅವರನ್ನು ಭಾವ ಹತ್ತಿರ ಕರೆದು ನಿಲ್ಲಿಸಿಕೊಂಡು, ನನ್ನನ್ನು ಸ್ಟೀರಿಂಗಿನ ಮುಂದೆ ಕೂರಿಸಿ, ತಾವೇ ಎಂಜಿನ್ ಚಾಲೂ ಮಾಡಿ, “ಪೂರ್ತಿ ಎಡಕ್ಕೆ ತಿರುಗಿಸಮ್ಮ!” ಅಂದರು.

ತಿರುಗಿಸಿದೆ. ಪೈಪು ಹಾವಿನಂತೆ ಬಾಣಲೆಯಿಂದ ಮೇಲೆದ್ದು, ಕಷಾಯದ ಬಣ್ಣದ ಎಣ್ಣೆಯನ್ನು ಮೊದಲು ಭಾವನ ಎದೆಗೆ, ಆಮೇಲೆ ಮೇಷ್ಟ್ರ ವೇಷ್ಟಿಗೆ ಉಗುಳಿತು.

“ಅಯ್ಯಯ್ಯೋ! ಎನ್ನ ಸಾರ್ ಇದು!” ಅಂದರು ಮೇಷ್ಟ್ರು.

“ಪ್ರೆಷರ್ ಸಾರ್, ಪ್ರೆಷರ್! ಪಂಪು ಎಷ್ಟು ಚೆನ್ನಾಗಿದೆ ನೋಡಿ!” ಅಂದರು ಭಾವ, ಮುಖ ಒರೆಸಿಕೊಳ್ಳುತ್ತ.

ಮೇಷ್ಟ್ರು ಮನೆಗೆ ನಡೆದರು. ಭಾವ ಪೈಪು ಸಿಕ್ಕಿಸಿ ಬ್ರೇಕ್ ಆಯಿಲ್ ಸುರಿದರು. ಸ್ವಲ್ಪ ಮಡ್‌ಗಾರ್ಡ್ ಮೇಲೂ ಚೆಲ್ಲಿತು. ಹದಿನೈದು ದಿನ ಕಳೆಯುವುದರೊಳಗೆ ಚೆಲ್ಲಿದ ಕಡೆಯೆಲ್ಲ ಬಣ್ಣ ಹಪ್ಪಳದಂತೆ ಗುಳ್ಳೆಯೆದ್ದು ಉದುರಿತು. ಬಿಸಿಲಿಗೆ ಹಾಗಾಗಿದೆ ಅಂದರು. ಇನ್ನೊಂದು ವಾರಕ್ಕೆ ಕಾರು ತಿರುವಿನಲ್ಲೆಲ್ಲ ನರಳತೊಡಗಿತು, ಕೆಳಗೆ ಎಣ್ಣೆ ತೊಟ್ಟಿಕ್ಕಿತು. “ಹೊಸಾ ಆಯಿಲ್, ಸೆಟ್ ಆಗ್ಬೇಕು,” ಅಂದರು. ಬಂದವರಿಗೆ ಬೆರಳು ತೋರಿಸುವುದು ಮಾತ್ರ ನಿಂತಿತು. ಈಗ ಎರಡು ಕೈಯೂ ಬೇಕಿತ್ತು, ಹಲ್ಲೂ ಕಚ್ಚಬೇಕಿತ್ತು.

ತಿರುವಲ್ಲಿಕ್ಕೇಣಿಯಲ್ಲಿ ನೆಂಟರ ಮನೆಯ ಸೀಮಂತ. ಬಸ್ಸಿನಲ್ಲಿ ಹೋಗೋಣ ಅಂದಳು ಅಕ್ಕ. ಕಾರಿದ್ದೂ ಬಸ್ಸಾ ಅಂದರು ಭಾವ. ದೇವಸ್ಥಾನದ ಕೊಳದ ಹತ್ತಿರ ಒಂದು ಸಣ್ಣ ಬೀದಿಗೆ ತಿರುಗಿಸುವಾಗ ಸ್ಟೀರಿಂಗ್ ಅರ್ಧಕ್ಕೆ ಬಿಗಿದುಕೊಂಡಿತು. ಭಾವ ಸೀಟಿನಿಂದ ಎದ್ದು, ಮೊಣಕಾಲು ಕೊಟ್ಟು ಎಳೆದರು. ಹಿಂದೆ ಮುಂದೆ ಮಾಡಿದರು. ಕೊನೆಗೆ ಕಾರು ಬೀದಿಗೆ ಅಡ್ಡವಾಗಿ, ಮೂತಿ ಒಂದು ಜಗಲಿಗೆ, ಬಾಲ ಇನ್ನೊಂದು ಜಗಲಿಗೆ ತಾಗಿಸಿಕೊಂಡು ನಿಂತಿತು. ಆ ಕಡೆ ನಾಲ್ಕು ಸೈಕಲ್ ರಿಕ್ಷಾ, ಈ ಕಡೆ ಒಂದು ಹಾಲಿನ ಗಾಡಿ. ಹೂ ಮಾರುವ ಹೆಂಗಸು ಬುಟ್ಟಿ ಕೆಳಗಿಟ್ಟು ನಿಶ್ಚಿಂತೆಯಿಂದ ನಗುತ್ತಿದ್ದಳು.

ಭಾವ ಅಕ್ಕನ ಕಡೆ ತಿರುಗಿದರು. “ಎಲ್ಲಾ ನಿನ್ನಿಂದ! ಸರಿಯಾಗಿ ಸೈಡ್ ನೋಡಿ ಹೇಳಕ್ಕೂ ಆಗಲ್ವಾ ನಿಂಗೆ?”

ಬೀದಿಯೆಲ್ಲ ಕೇಳುವಷ್ಟು ಜೋರಾಗಿ ಅಂದರು. ಅಕ್ಕ ಒಂದು ಕ್ಷಣ ಅವರನ್ನೇ ನೋಡಿದಳು. ಬಾಗಿಲು ತೆರೆದಳು, ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಇಳಿದಳು, ಬಾಗಿನದ ತಟ್ಟೆ ತೆಗೆದುಕೊಂಡಳು. ನನಗೆ “ಬಾರೆ,” ಅಂದಳು. ಹಿಂತಿರುಗಿ ನೋಡದೆ ನಡೆದಳು. ಹಿಂತಿರುಗಿ ನೋಡಿದವಳು ನಾನು. ಎಂಟು ಜನ ಕಾರಿನ ಹಿಂಭಾಗ ಎತ್ತಿ ಪಕ್ಕಕ್ಕೆ ಸರಿಸುತ್ತಿದ್ದರು. ಭಾವ ಅವರಿಗೆ, ಎಲ್ಲಿ ಹಿಡಿಯಬೇಕು ಅಂತ ಹೇಳಿಕೊಡುತ್ತಿದ್ದರು.

ಮುಂದಿನ ವಾರ ನನ್ನನ್ನು ಒಂದು ದಿನ ರಜೆ ಹಾಕಿಸಿ ಅಕ್ಕ ಪುದುಪೇಟೆಗೆ ಕರೆದೊಯ್ದಳು. ಹಳೆಯ ಗಾಡಿಗಳ ಬಿಡಿಭಾಗ ಸಿಗುವ ಬೀದಿ ಅದು. ಅಲ್ಲಿ ವಿಚಾರಿಸಿ, ವಿದೇಶಿ ಕಾರುಗಳ ಕೆಲಸ ಗೊತ್ತಿದ್ದ ವಯಸ್ಸಾದ ಮೆಕ್ಯಾನಿಕ್ ಒಬ್ಬರನ್ನು ಭಾವ ಆಫೀಸಿಗೆ ಹೋದ ಹೊತ್ತಿನಲ್ಲಿ ಮನೆಗೆ ಕರೆತಂದೆವು. ಅವರು ಬಾನೆಟ್ ಎತ್ತಿದರು, ಬಣ್ಣ ಉದುರಿದ ಮಡ್‌ಗಾರ್ಡ್ ಸವರಿದರು, ಎಣ್ಣೆಗೆ ಬೆರಳದ್ದಿ ಮೂಸಿದರು.

“ಯಾರುಮ್ಮಾ ಇದುಲ ಬ್ರೇಕ್ ಆಯಿಲ್ ಊತ್ತುನದು?”

ಸುರಿದದ್ದು ಯಾರು ಅಂತ ಅಕ್ಕ ಹೇಳಲಿಲ್ಲ. “ಒರು ಎಂಜಿನಿಯರ್,” ಅಂದಳು. ಮೆಕ್ಯಾನಿಕ್ ತಲೆಯಾಡಿಸಿದರು. ಅಂಥವರನ್ನು ಬಹಳ ಜನ ನೋಡಿದ್ದರೇನೋ.

ಪಂಪು ಬಿಚ್ಚಿದಾಗ ಒಳಗಿನ ರಬ್ಬರ್ ವಾಷರುಗಳು ನೆನೆಸಿದ ಅವಲಕ್ಕಿಯಂತೆ ಊದಿಕೊಂಡಿದ್ದವು. ಮೆಕ್ಯಾನಿಕ್‌ಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಅಕ್ಕ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು, ಕೈಪಿಡಿ ನೋಡಿ ಒಂದೊಂದೇ ಸಾಲನ್ನು ತಮಿಳಿನಲ್ಲಿ ಹೇಳಿದಳು. ಅವರು ಪುದುಪೇಟೆಯಿಂದ ಹುಡುಕಿ ತಂದಿದ್ದ ವಾಷರು ಹಾಕಿ, ಪೈಪುಗಳನ್ನು ತೊಳೆದು, ಹೊಸ ಕೆಂಪು ಎಣ್ಣೆಯ ಡಬ್ಬಿಯನ್ನು ಅವಳ ಕೈಗೇ ಕೊಟ್ಟರು. “ನೀಂಗಳೇ ಊತ್ತುಂಗೊಮ್ಮಾ.”

ಅಕ್ಕ ನಿಧಾನವಾಗಿ ಸುರಿದಳು. ಹನಿಯೂ ಚೆಲ್ಲಲಿಲ್ಲ. ಆಮೇಲೆ ಸ್ಟೀರಿಂಗಿನ ಮುಂದೆ ಕೂತು, ಅವರು ಹೇಳಿದಂತೆ, ಒಳಗೆ ಸೇರಿದ್ದ ಗಾಳಿ ಹೋಗುವ ತನಕ ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸುತ್ತ ಹೋದಳು. ನರಳಾಟ ಕಡಿಮೆಯಾಗುತ್ತ ನಿಂತೇಹೋಯಿತು. ಅವಳು ಕೈ ತೆಗೆಯಲಿಲ್ಲ. ಕೆಲಸ ಮುಗಿದ ಮೇಲೂ ಸ್ವಲ್ಪ ಹೊತ್ತು ತಿರುಗಿಸುತ್ತಲೇ ಇದ್ದಳು.

ಸಂಜೆ ಭಾವ ಕಾರು ತೆಗೆದರು. ಒಂದೇ ಬೆರಳಿಗೆ ಚಕ್ರ ತಿರುಗಿತು. ಅವರ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ನನಗೆ ಮೈಯುರಿದದ್ದು ಅದಕ್ಕೇ.

“ನೋಡಿದ್ಯಾ? ಸೆಟ್ ಆಗ್ಬೇಕು ಅಂದಿದ್ನಾ ಇಲ್ವಾ? ತಾಳ್ಮೆ ಬೇಕು ಇದಕ್ಕೆಲ್ಲ.”

ನಾನು ಬಾಯಿ ತೆರೆದೆ. ಅಕ್ಕ ಕಣ್ಣಲ್ಲೇ ತಡೆದಳು. ಅಡುಗೆಮನೆಯಲ್ಲಿ ನಾನು ಕೇಳಿದೆ: “ಯಾಕಕ್ಕ ಹೇಳಲ್ಲ ನೀನು? ನಾಳೆ ಊರಿಗೆಲ್ಲ ಸಾರ್ತಾರೆ, ತಾವೇ ಮಾಡಿದ್ದು ಅಂತ.”

“ಸಾರ್ಲಿ ಬಿಡು. ಹೇಳಿದ್ರೆ ರೋಷಕ್ಕೆ ಇನ್ನೊಂದ್ಸಲ ಕೈ ಹಾಕ್ತಾರೆ. ಕಾರು ಉಳಿಬೇಡ್ವಾ?”

ಭಾವ ಸಾರಿಯೇ ಸಾರಿದರು. ಬಿಡಿಸಿಕೊಳ್ಳಲಾಗದ ನೆಂಟರು, ಆಫೀಸಿನ ಕಿರಿಯರು, ಯಾರು ಸಿಕ್ಕರೂ ಪವರ್ ಸ್ಟೀರಿಂಗ್ ಆಯಿಲ್ ಮನೆಯಲ್ಲೇ ಬದಲಿಸುವ ಬಗ್ಗೆ ಉಪನ್ಯಾಸ. ಎದುರು ಮನೆಯ ಮೇಷ್ಟ್ರು ಮಾತ್ರ ಆಮೇಲೆ ನಮ್ಮ ಗೇಟಿನ ಒಳಗೆ ಕಾಲಿಡಲಿಲ್ಲ.

ಆ ವರ್ಷವೇ ಅಕ್ಕ, ಅಲ್ಲಿಯವರು ರೌಂಡಾಣ ಅನ್ನುವ ದೊಡ್ಡ ಸರ್ಕಲ್ಲಿನ ಹತ್ತಿರದ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ನಿನಗ್ಯಾಕೆ ಅಂತ ಭಾವ ಕೇಳಿದರು. “ಸೈಡ್ ನೋಡಿ ಹೇಳೋದು ಸರಿಯಾಗಿ ಕಲೀಬೇಕು ಅಂತ,” ಅಂದಳು. ಅದರಲ್ಲಿದ್ದ ಮುಳ್ಳು ಅವರಿಗೆ ತಾಗಲೂ ಇಲ್ಲ.

ಪರೀಕ್ಷೆಯ ದಿನ ಅಕ್ಕನ ಜೊತೆ ನಾನು ಹೊರಟಾಗ, ಭಾವ ತಾವೂ ಬರುತ್ತೇನೆ ಅಂತ ಹಟ ಹಿಡಿದು ಬಂದರು. ಸ್ಕೂಲಿನ ಗಾಡಿಯಲ್ಲಿ ಅಕ್ಕ, ಪಕ್ಕದಲ್ಲಿ ಲೈಸೆನ್ಸ್ ಕೊಡುವ ಬ್ರೇಕ್ ಇನ್ಸ್‌ಪೆಕ್ಟರ್. ಭಾವ ಕೇಳದೆಯೇ ಹಿಂದಿನ ಸೀಟು ಹತ್ತಿ ಕೂತು, ಇನ್ಸ್‌ಪೆಕ್ಟರ್ ಹೆಗಲ ಮೇಲಿಂದ ಬಾಗಿ, ಕ್ಲಚ್ಚನ್ನು ಹೇಗೆ ಬಿಡಬೇಕು ಅಂತ ಅಕ್ಕನಿಗೆ ವಿವರಿಸತೊಡಗಿದರು.

ಇನ್ಸ್‌ಪೆಕ್ಟರ್ ಫೈಲಿನಿಂದ ತಲೆಯೆತ್ತಲಿಲ್ಲ. “ಸಾರ್, ನೀಂಗ ಕೀಳೆ ಇರಂಗುಂಗೊ.”

“ಇಲ್ಲ ಸಾರ್, ನಾನು ರೈಲ್ವೆ—”

“ಇರಂಗುಂಗೊ ಸಾರ್.”

ಭಾವ ಇಳಿದರು. ಗಾಡಿ ಹೊರಟು, ಬೀದಿಯ ತುದಿಯಲ್ಲಿ ಕೈ ತೋರಿಸಿ, ಚೊಕ್ಕವಾಗಿ ತಿರುಗಿ ಮರೆಯಾಯಿತು. ಬೇವಿನ ಮರದ ಕೆಳಗೆ ನಾವಿಬ್ಬರೇ.

“ಕ್ಲಚ್ ಸ್ವಲ್ಪ ಬೇಗ ಬಿಟ್ಟಳು,” ಅಂದರು.

ನಾನು ರಸ್ತೆ ದಾಟಿ ಹೋಗಿ ಒಂದು ಎಳನೀರು ಕೊಚ್ಚಿಸಿಕೊಂಡು ಕುಡಿದೆ. ಅವರಿಗೆ ಬೇಕಾ ಅಂತ ಕೇಳಲಿಲ್ಲ.