ಇಪ್ಪತ್ತು ಐವತ್ತಾದದ್ದನ್ನು ಹಿಡಿದ ಅನುಸೂಯಾ

ಪುಣೆಯ ಶಿವಾಜಿನಗರದ ಹಳೆಯ ಕಟ್ಟಡವೊಂದರ ಎರಡನೇ ಮಹಡಿ. ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಕಸ ಗುಡಿಸುವ ರಂಗೂಬಾಯಿ ಬೀಗ ತೆಗೆದ ಬೆನ್ನಿಗೇ ಅನುಸೂಯಾ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. ಕಿಟಕಿ ಪಕ್ಕದ ಕಂಪ್ಯೂಟರ್ ಚಾಲೂ ಮಾಡುತ್ತಾರೆ. ಪರದೆಯ ಮೇಲೆ ಯಾವುದೋ ಕಟ್ಟಡದ ನಕ್ಷೆ ಮೂಡುತ್ತದೆ. ಕಿಟಕಿಯ ಮೇಲೆ ಹೊರಚಾಚಿದ ಸಜ್ಜಾ ಎಲ್ಲಿದೆ ಎಂದು ಹುಡುಕಿ, ಅದರೊಳಗಿನ ಕಬ್ಬಿಣದ ಸರಳಿಗೂ ಕಾಂಕ್ರೀಟಿನ ಮೇಲ್ಮೈಗೂ ಎಷ್ಟು ಅಂತರ ಎಂದು ಅಳೆಯುತ್ತಾರೆ. ಇಪ್ಪತ್ತು ಮಿಲಿಮೀಟರ್. ಸರಿಯಿದೆ. ಕೈಯಲ್ಲಿನ ಪಟ್ಟಿಯ ಮೇಲೆ ಒಂದು ಗೆರೆ ಎಳೆದು ಮುಂದಿನ ಹಾಳೆ ತೆರೆಯುತ್ತಾರೆ.

"ಆಧೀ ಚಹಾ ಘೇ ಗ," ಮೊದಲು ಚಹಾ ಕುಡಿಯೇ ಎಂದು ರಂಗೂಬಾಯಿ ಮರಾಠಿಯಲ್ಲಿ ಗದರಿ, ಲೋಟ ಇಟ್ಟು ಹೋಗುತ್ತಾರೆ. ಚಹಾ ಆರುತ್ತದೆ.

ಒಂಬತ್ತಕ್ಕೆ ಕಚೇರಿ ತುಂಬುವ ಮೊದಲು ನಲವತ್ತು ಹಾಳೆ ಮುಗಿಯಬೇಕು. ಯಾರೂ ಹೇಳಿದ ಕೆಲಸವಲ್ಲ ಇದು. ಒಂಬತ್ತರ ನಂತರ ಈ ಕುರ್ಚಿಯಲ್ಲಿ ಅವರು ಕೂರುವಂತೆಯೂ ಇಲ್ಲ. ಒಳಕೋಣೆಯ ಪ್ರಿಂಟಿಂಗ್ ಯಂತ್ರದ ಮುಂದೆ ನಿಂತು, ಬೇರೆಯವರ ನಕ್ಷೆಗಳನ್ನು ಮಡಚಿ ಕೊಡುವುದು ಅವರ ಈಗಿನ ನೌಕರಿ. ಈ ಕಚೇರಿಯ ಅರ್ಧಕ್ಕೂ ಹೆಚ್ಚು ನಕ್ಷೆಗಳನ್ನು ತಾನೇ ಬರೆಯುವ ಪ್ರೋಗ್ರಾಮ್ ಸಿದ್ಧಪಡಿಸಿದವರು ಮಾತ್ರ ಇವರೇ.

ಕಂಪನಿಯ ಹೆಸರು ಬರೆಯಬೇಡಿ ಎಂದು ಮೊದಲ ದಿನವೇ ನನ್ನನ್ನು ಕೇಳಿಕೊಂಡರು. ನಿಮ್ಮ ಹೆಸರು? "ನಂದು ಬರೀರಿ. ಅವ್ರು ಆಗ್ಲೇ ಬರದು ಎಲ್ಲಾರ್ಗೂ ಕಳಿಸ್ಯಾರ."

ನಲವತ್ತೆರಡರ ಅನುಸೂಯಾ ಹುಟ್ಟಿದ್ದು ಯಾದಗಿರಿ ಕಡೆ, ಬೆಳೆದದ್ದು ಪುಣೆಯಲ್ಲಿ ಏಳುತ್ತಿದ್ದ ಕಟ್ಟಡಗಳ ಬುಡದ ತಗಡಿನ ಶೆಡ್ಡುಗಳಲ್ಲಿ. ತಂದೆ ಅವ್ವಣ್ಣ ಸರಳು ಕಟ್ಟುವ ಕೆಲಸಗಾರ. "ಅಪ್ಪಗ ಓದಾಕ ಬರ್ತಿರಲಿಲ್ರಿ. ಆದ್ರ ನಕಾಶಾ ನೋಡಿ ಯಾವ ಸರಳು ಎಲ್ಲಿ ಬಗ್ಗತದ ಅಂತ ಹೇಳ್ತಿದ್ದ. ನಾ ಮಗ್ಗಲ ಕುಂತು ಅಂಕಿ ಓದಿ ಹೇಳ್ತಿದ್ದೆ." ಮರಾಠಿ ಶಾಲೆಯಲ್ಲಿ ಹತ್ತನೇ ತರಗತಿ, ಐಟಿಐಯಲ್ಲಿ ನಕ್ಷೆ ಬರೆಯುವ ಕಲಿಕೆ, ಇಪ್ಪತ್ತೊಂದಕ್ಕೆ ಈ ಕಚೇರಿ.

ನಕ್ಷೆ ಬರೆಯುವ ಸಾಫ್ಟ್‌ವೇರಿನ ಒಳಗೆ ಲಿಸ್ಪ್ ಎಂಬ ಹಳೆಯ ಭಾಷೆಯೊಂದಿದೆ. ಅದರಲ್ಲಿ ಸರಿಯಾಗಿ ನಾಲ್ಕು ಸಾಲು ಬರೆದರೆ ಅರ್ಧ ದಿನ ಎಳೆಯಬೇಕಾದ ಗೆರೆಗಳು ಕ್ಷಣದಲ್ಲಿ ಮೂಡುತ್ತವೆ. ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಇಂಗ್ಲಿಷ್ ಕೈಪಿಡಿ, ಪಕ್ಕದಲ್ಲೊಂದು ನಿಘಂಟು ಇಟ್ಟುಕೊಂಡು ಅನುಸೂಯಾ ಅದನ್ನು ಕಲಿತರು. "ಕಂಸದಾಗ ಕಂಸ, ಅದ್ರಾಗ ಮತ್ತೊಂದು ಕಂಸ. ಆ ಕೃಷ್ಣನೂ ಇಷ್ಟು ಕಂಸ ಕಂಡಿರ್ಲಿಕ್ಕಿಲ್ರಿ," ಎಂದು ನಗುತ್ತಾರೆ. ಇಷ್ಟು ದಿನಗಳ ಮಾತುಕತೆಯಲ್ಲಿ ಅವರು ನಕ್ಕಿದ್ದು ಅದೊಂದೇ ಸಲ.

ಐದು ವರ್ಷದ ಹಿಂದೆ ಮಾಲೀಕರ ಮಗ ಪ್ರಣವ ಇಂಜಿನಿಯರಿಂಗ್ ಮುಗಿಸಿ ಬಂದು, ಸಜ್ಜಾದ ನಕ್ಷೆ ಬರೆಯುವ ಸಣ್ಣ ಪ್ರೋಗ್ರಾಮ್ ಒಂದನ್ನು ಬರೆದರು. ಇಡೀ ಕಟ್ಟಡದ ನಕ್ಷೆ ತೆಗೆಯುವ ಅನುಸೂಯಾ ಅವರ ದೊಡ್ಡ ಪ್ರೋಗ್ರಾಮ್, ಸಜ್ಜಾ ಬಂದಾಗ ಇದನ್ನು ಕರೆಯಬೇಕು ಎಂದರು. ಇವರು ಹಾಗೆಯೇ ಜೋಡಿಸಿದರು.

ಎರಡೂವರೆ ವರ್ಷದ ಹಿಂದೆ, ಹಡಪಸರದ ಆಚೆ ಕಟ್ಟುತ್ತಿದ್ದ ವಸತಿ ಕಟ್ಟಡದಲ್ಲಿ, ಕಾಂಕ್ರೀಟಿಗೆ ಆಸರೆ ಕೊಟ್ಟಿದ್ದ ಸೆಂಟ್ರಿಂಗ್ ಕಂಬ ಬಿಚ್ಚಿದ ಮರುದಿನ ಒಂದು ಸಜ್ಜಾ ಮುರಿದು ಬಿತ್ತು. ಮೇಲೆ ಟೈಲ್ಸ್ ಪೆಟ್ಟಿಗೆ ಪೇರಿಸಿದ್ದರು. ಕೆಳಗೆ ಸರಳು ಕಟ್ಟುವ ಶಿವಪುತ್ರಪ್ಪ ಇದ್ದರು. ಜೀವ ಉಳಿಯಿತು, ಬಲಗೈ ಮೊಣಕೈವರೆಗೆ ಹೋಯಿತು.

ನಕ್ಷೆ ತೆಗೆದು ನೋಡಿದರೆ, ಸಜ್ಜಾದ ಸರಳಿನ ಮೇಲೆ ಇರಬೇಕಾದ ಕಾಂಕ್ರೀಟಿನ ಹೊದಿಕೆ, ಕೆಲಸಗಾರರ ಮಾತಿನಲ್ಲಿ 'ಕವರ್', ಇಪ್ಪತ್ತರ ಬದಲು ಐವತ್ತಾಗಿತ್ತು. ಸಜ್ಜಾದ ದಪ್ಪವೇ ನೂರು. ಮೇಲ್ಭಾಗದಲ್ಲಿ ನಿಂತು ಭಾರ ಎಳೆದು ಹಿಡಿಯಬೇಕಾದ ಸರಳು ನಟ್ಟನಡುವೆ ಮಲಗಿತ್ತು. ಹಾಳೆಯ ಮೂಲೆಯಲ್ಲಿ ಬರೆದವರು ಎಂಬಲ್ಲಿ ಅನುಸೂಯಾ ಹೆಸರಿತ್ತು. ತಪಾಸಿಸಿದವರು ಎಂಬಲ್ಲಿ ಪ್ರಣವನ ಸಹಿಯೂ ಇತ್ತು. ಆದರೆ ಕಚೇರಿಯಿಂದ ಬಿಲ್ಡರಿಗೂ ಉಳಿದೆಲ್ಲರಿಗೂ ಹೋದ ಪತ್ರದಲ್ಲಿ 'ನಕ್ಷೆಗಾರ್ತಿ ಅನುಸೂಯಾ ಅವರ ಅಜಾಗರೂಕತೆ' ಎಂದಷ್ಟೇ ಇತ್ತು.

ಪ್ರಣವ ತಮ್ಮ ಪ್ರೋಗ್ರಾಮನ್ನು ಎಲ್ಲರ ಮುಂದೆ ನಾಲ್ಕು ಸಲ ಓಡಿಸಿ ತೋರಿಸಿದರು. ನಾಲ್ಕೂ ಸಲ ಇಪ್ಪತ್ತೇ ಬಂತು. "ನಾನೂ ಓಡಿಸಿ ನೋಡಿದೆ. ಇಪ್ಪತ್ತs ಬಂತು. ಅಂದ್ರ ನಾನs ಕೈಯಾರೆ ಕೆಡಿಸೀನಿ ಅಂತಾತು. ನನಗs ನನ್ನ ಮ್ಯಾಲ ಸಂಶೆ ಹತ್ತಿತ್ರಿ." ಹನ್ನೊಂದು ದಿನ ಮತ್ತೆ ಮತ್ತೆ ಓಡಿಸಿದರು, ಇಪ್ಪತ್ತೇ ಬಂತು. ಹನ್ನೆರಡನೇ ದಿನ ಸಜ್ಜಾದ ಪ್ರೋಗ್ರಾಮನ್ನು ಒಂಟಿಯಾಗಿ ಓಡಿಸದೆ, ತಮ್ಮ ದೊಡ್ಡ ಪ್ರೋಗ್ರಾಮಿನ ಮೂಲಕ ಕರೆದು ನೋಡಿದರು. ಐವತ್ತು ಬಂತು.

ಏನಾಗಿತ್ತು ಎಂಬುದನ್ನು ಅವರು ನನಗೆ ತಿಳಿಸಿಕೊಟ್ಟದ್ದು ಹೀಗೆ. "ಊರಿಂದ ನಮ್ಮಣ್ಣ ಒಂದು ಚೀಟಿ ಬರದು ಕೊಡ್ತಾನ ಅನ್ರಿ. 'ಮುಕಾದಮ ಹೇಳಿದಂಗ ಮಾಡು' ಅಂತ. ಮುಕಾದಮ ಅಂದ್ರ ಮೇಸ್ತ್ರಿ. ಯಾವ ಮುಕಾದಮ? ಚೀಟಿ ಬರದ ಊರಾಗಿನಾಂವನೋ, ನಾ ಈಗ ನಿಂತ ಸೈಟಿನಾಂವನೋ? ಹೊಸ ಲಿಸ್ಪ್‌ಗಳು ಭಾಳಷ್ಟು ಬರದ ಜಾಗಾ ನೋಡತಾವ. ನಮ್ಮ ಸಾಫ್ಟ್‌ವೇರ್‌ದಾಗಿನ ಹಳೇದು ಕರದಾವ್ರು ಯಾರು ಅಂತ ನೋಡತದ."

ಪ್ರಣವನ ಕಡತದ ತಲೆಯಲ್ಲಿ 'ಕವರ್ ಇಪ್ಪತ್ತು' ಎಂದಿತ್ತು. ಒಳಗಿನ ಪ್ರೋಗ್ರಾಮ್ ಆ ಹೆಸರನ್ನು ತನ್ನದೆಂದು ಹೇಳಿಕೊಳ್ಳದೆ ಸುಮ್ಮನೆ ಬಳಸುತ್ತಿತ್ತು. ಅನುಸೂಯಾ ಅವರ ಪ್ರೋಗ್ರಾಮ್ ಅಡಿಪಾಯಕ್ಕಾಗಿ ಅದೇ ಹೆಸರಿನಲ್ಲಿ ಐವತ್ತು ಇಟ್ಟುಕೊಂಡಿತ್ತು, ಅದು ತನ್ನದೇ ಎಂದು ನಿಯಮದಂತೆ ಹೇಳಿಯೂ ಇತ್ತು. ಎಷ್ಟೋ ಕಟ್ಟಡಗಳಲ್ಲಿ ಅಡಿಪಾಯದ ನಕ್ಷೆ ಮೊದಲೇ ಮುಗಿದು, ಸಜ್ಜಾ ಬೇರೆ ಓಟದಲ್ಲಿ ಬಂದಿದ್ದರಿಂದ ಕೆಡುಕು ಕಾಣಲಿಲ್ಲ. ಅಡಿಪಾಯ, ಸಜ್ಜಾ ಎರಡೂ ಒಂದೇ ಓಟದಲ್ಲಿ ಬಂದಾಗ ಮಾತ್ರ, ಕರೆಸಿಕೊಂಡ ಸಜ್ಜಾ ಕರೆದವರ ಐವತ್ತನ್ನೇ ಎತ್ತಿಕೊಳ್ಳುತ್ತಿತ್ತು.

ಇದನ್ನೆಲ್ಲ ಕಾಗದದ ಮೇಲೆ ಬರೆದು ಮಾಲೀಕರ ಮುಂದಿಟ್ಟರು. "ಪೂರ್ತಿ ಕೇಳಿದ್ರು. ಶಾಣ್ಯಾಕಿ ಇದ್ದಿ ಅಂದ್ರು. ಪ್ರೋಗ್ರಾಮ್ ಸುಧಾರಸು ಅಂದ್ರು. ಒಂದs ಸಾಲಿನ ಕೆಲಸ, ಸುಧಾರಿಸಿದೆ. ಪತ್ರ ಮಾತ್ರ ಅವ್ರು ಸುಧಾರಸಲಿಲ್ರಿ."

ಅಲ್ಲಿಗೆ ಬಿಡಬಹುದಿತ್ತು. ಆದರೆ ಸಜ್ಜಾ ಬೀಳುವ ಮೊದಲಿನ ಎರಡೂವರೆ ವರ್ಷಗಳಲ್ಲಿ ಎರಡು ಪ್ರೋಗ್ರಾಮುಗಳೂ ಸೇರಿ ಅರವತ್ನಾಲ್ಕು ಕಟ್ಟಡಗಳ ನಕ್ಷೆ ತೆಗೆದಿದ್ದವು. ಅನುಸೂಯಾ ಹುಡುಕಿದರು. ಇನ್ನೂ ಮೂರರಲ್ಲಿ ಐವತ್ತು ಸಿಕ್ಕಿತು. ಎರಡಕ್ಕೆ ಕಾಂಕ್ರೀಟ್ ಬಿದ್ದಿರಲಿಲ್ಲ, ಸದ್ದಿಲ್ಲದೆ ನಕ್ಷೆ ಬದಲಾದವು. ಮೂರನೆಯದು ಕಾತ್ರಜ ಕಡೆಯ ಕಟ್ಟಡ. ಜನ ವಾಸಕ್ಕೆ ಬಂದಾಗಿತ್ತು. ಮಾಲೀಕರು ನೋಡೋಣ ಎಂದರು. ಒಂದು ವಾರ ಕಳೆಯಿತು. ಭಾನುವಾರ ಅನುಸೂಯಾ ಸ್ವಾರಗೇಟದಲ್ಲಿ ಬಸ್ಸು ಹಿಡಿದು ತಾವೇ ಹೋದರು.

"ಸಜ್ಜಾದ ಮ್ಯಾಲ ಹೂವಿನ ಕುಂಡಿ ಸಾಲಾಗಿ ಇಟ್ಟಿದ್ರು. ಕೆಳಗ ಹುಡುಗೂರು ಆಡಾಕತ್ತಿದ್ವು." ಅಲ್ಲಿನ ನಿವಾಸಿಗಳ ಸೊಸೈಟಿಯ ಕಾರ್ಯದರ್ಶಿ ಆರತಿ ಮೊದಲು ಇವರನ್ನು ಏನೋ ಮಾರಲು ಬಂದವಳೆಂದುಕೊಂಡರು. ಮತ್ತೆರಡು ಸಲ ಹೋದ ಮೇಲೆ ಹೊರಗಿನ ಇಂಜಿನಿಯರ್ ಬಂದು ಪರೀಕ್ಷಿಸಿ, ಹದಿನಾರು ಸಜ್ಜಾಗಳಿಗೆ ಕೆಳಗಿನಿಂದ ಕಬ್ಬಿಣದ ಆಧಾರ ಕೊಡಿಸಿದರು. ಯಾರಿಗೂ ಏನೂ ಆಗಲಿಲ್ಲ. ಏನೂ ಆಗದ ಕಾರಣ ಅದು ಎಲ್ಲೂ ಸುದ್ದಿಯಾಗಲಿಲ್ಲ.

ಮರುವಾರವೇ ಅನುಸೂಯಾರನ್ನು ಒಳಕೋಣೆಯ ಪ್ರಿಂಟಿಂಗ್ ಯಂತ್ರಕ್ಕೆ ಹಾಕಿದರು. ಕೆಲಸದಿಂದ ತೆಗೆದರೆ ಬಾಯಿ ಬಿಟ್ಟಾಳು ಎಂಬ ಭಯ ಕಚೇರಿಗೆ, ಎದುರಿಗೇ ಕೂರಿಸಿಕೊಂಡರೆ ಮುಜುಗರ. ಪ್ರಣವ ಈಗಲೂ ತಪಾಸಿಸಿದವರ ಜಾಗದಲ್ಲಿ ಸಹಿ ಮಾಡುತ್ತಾರೆ. ಇವರು ಮಾತ್ರ ಬೆಳಗಿನ ಮೂರು ತಾಸು, ಪ್ರೋಗ್ರಾಮ್ ಓಡಿಸಿ ಆಗಲೇ ಸರಿಯೆಂದು ಕಂಡ ಹಾಳೆಗಳನ್ನೂ ಮತ್ತೆ ಕಣ್ಣಿನಿಂದ ನೋಡುತ್ತಾರೆ. ಏಕೆ ಎಂದರೆ, "ಯಂತ್ರದ ಸಾಕ್ಷಿ ಒಮ್ಮೆ ನಂಬಿದ್ದೆ. ನಾಕು ಸಲ ಇಪ್ಪತ್ತು ಅಂದಿತ್ತಲ್ರಿ."

ಶಿವಪುತ್ರಪ್ಪ ಈಗ ಯೆರವಡಾದ ಸೈಟೊಂದರಲ್ಲಿ ಕಾವಲುಗಾರ. ತಿಂಗಳಿಗೊಮ್ಮೆ ಅನುಸೂಯಾ ಅಲ್ಲಿಗೆ ಹೋಗುತ್ತಾರೆ. ಕಳೆದ ಸಲ ನಾನೂ ಜೊತೆಗಿದ್ದೆ. ಶಿವಪುತ್ರಪ್ಪ ಎಡಗೈಯಲ್ಲಿ ಕುರ್ಚಿ ಎಳೆದು ಹಾಕಿದರು. ಹೆಂಡತಿ ಮರೆಮ್ಮ ರೊಟ್ಟಿ, ಶೇಂಗಾ ಹಿಂಡಿ ಹಚ್ಚಿಕೊಟ್ಟರು. "ಅಕ್ಕಾರು ಇದನ್ನ ಹಿಡದು ಕೊಡದಿದ್ರ ಇನ್ನ ಎಷ್ಟು ಮಂದಿ ಕೈ ಹೋಗ್ತಿದ್ವೋ ಏನೋ. ದೇವರಂಥಾ ಮನಷ್ಯಾಳ್ರಿ," ಎಂದು ಶಿವಪುತ್ರಪ್ಪ ನನಗೆ ಎರಡೆರಡು ಸಲ ಹೇಳಿದರು. ಅನುಸೂಯಾ ತಟ್ಟೆಯಿಂದ ಕಣ್ಣೆತ್ತಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದೆ. ಹಳೆಯ ಕುರ್ಚಿ, ಆ ಪತ್ರದ ತಿದ್ದುಪಡಿ, ಹೀಗೇನಾದರೂ ಹೇಳಬಹುದು ಎಂದುಕೊಂಡಿದ್ದೆ.

"ಶಿವಪುತ್ರಪ್ಪ ನನ್ನ ಒಮ್ಮೆ ಬೈಬೇಕ್ರಿ," ಎಂದರು. "ಬೈದ್ರ, ತಪ್ಪು ನಂದಲ್ಲೋ ತಮ್ಮಾ ಅಂತ ಹೇಳಬಹುದು. ಹೊಗಳಿದ್ರ ಏನ್ ಹೇಳ್ಲಿ?"