ಪೆಟ್ಷೆಲ್ಲನ ಸಿಹಿನೀರು

ಡೆಸ್ಮಂಡ್ ಪೆಟ್ಷೆಲ್ ಮನೆಯಲ್ಲಿ ಬಿಯರ್ ಮಾಡುವ ದಿನ ಹಾರ್ಶಮ್ ಊರಿನ ಅವನ ಬೀದಿಯಲ್ಲಿ ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಮೊದಲಾದರೆ ಅಂಗಡಿಯಿಂದ ತಂದ ಸಿದ್ಧ ಬಾರ್ಲಿ ಪಾಕದ ಡಬ್ಬಿ ಒಡೆದು ನೀರಿಗೆ ಸುರಿದು ಸುಮ್ಮನಿರುತ್ತಿದ್ದ. ಈಗ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ನುಚ್ಚನ್ನು ಪರದೆ ಬಟ್ಟೆಯ ಚೀಲಕ್ಕೆ ತುಂಬಿ ಬಿಸಿನೀರಿನ ಹಂಡೆಗೆ ಇಳಿಬಿಡುತ್ತಾನೆ. ಹಂಡೆಗೆ ಕಂಬಳಿ ಹೊದಿಸಿ, ಬಾಣಂತಿ ಕೋಣೆಯ ಮುಂದೆ ಕೂತವನಂತೆ ಒಂದು ಗಂಟೆ ಯಾರಿಗೂ ಜೋರಾಗಿ ಮಾತಾಡಲು ಬಿಡುವುದಿಲ್ಲ. ಚೀಲವನ್ನು ರಾಟೆಯಿಂದ ಮೇಲೆತ್ತುವಾಗ ಟೋಪಿ ತೆಗೆಯುತ್ತಾನೆ. ಆಮೇಲೆ ಹಂಡೆಯ ನೀರನ್ನು ಸೌಟಿನಲ್ಲಿ ಹಿಡಿದು ಅಂಚೆಯವಳನ್ನೂ ಪಾದ್ರಿಯನ್ನೂ ಅಡ್ಡಗಟ್ಟುತ್ತಾನೆ: "ಕುಡಿದು ನೋಡಿ, ಎಷ್ಟು ಸಿಹಿ! ಚಿಟಿಕೆ ಸಕ್ಕರೆ ಹಾಕಿಲ್ಲ, ನನ್ನಾಣೆ. ನೀರು, ಕಾಳು, ಅಷ್ಟೇ!" "ಗಂಜಿಗೆ ಇಷ್ಟೊಂದು ಮೆರವಣಿಗೆ ಬೇಕಾ?" ಎಂದು ಹೆಂಡತಿ ನೋಲಾ ರೇಗಿಸಿದರೂ ಅವನಿಗೆ ಕೇಳಿಸುವುದಿಲ್ಲ. ಊರ ಕಣಜದಲ್ಲಿ ಮೂವತ್ತೆಂಟು ವರ್ಷ ಬಾರ್ಲಿ ಲಾರಿಗಳನ್ನು ತೂಗಿದವನು ಅವನು. ಅದರ ದೂಳಿಗೆ ಸೀನಿದ್ದ, ಬೈದಿದ್ದ, ಒಂದು ಕಾಳನ್ನೂ ನಾಲಿಗೆಯ ಮೇಲೆ ಇಟ್ಟಿರಲಿಲ್ಲ. ಎಲ್ಲರೂ ಹೋದ ಮೇಲೆ, ಸಿಹಿಯನ್ನೆಲ್ಲ ಕೊಟ್ಟು ಹಬೆಯಾಡುತ್ತ ನೇತಾಡುವ ಚೀಲದ ಬೆನ್ನು ಸವರಿ ಮೆಲ್ಲಗೆ ಕೇಳುತ್ತಾನೆ: "ಇಷ್ಟು ವರ್ಷ ಜೊತೇಲೇ ಇದ್ಯಲ್ಲ ಮಾರಾಯಾ, ಒಂದ್ ಮಾತು ಹೇಳ್ಬಾರ್ದಿತ್ತಾ?"