ಎಡಗಡೆಯ ದೆವ್ವ

ಆ ದೆವ್ವ ಯಾವಾಗಲೂ ಎಡಗಡೆಯಿಂದಲೇ ಬಂದು ಮಾವನವರನ್ನು ಯಾಕೆ ಹಿಡಿಯುತ್ತದೆ? ಮೂರು ವಾರದಿಂದ ಶ್ರೀವಿದ್ಯಾಳ ತಲೆಯೊಳಗೆ ಇದೊಂದೇ ಕೊರೆಯುತ್ತಿತ್ತು. ಲ್ಯಾಪ್‌ಟಾಪಿನ ಮುಂದೆ ಕೂತು ಮೀಟಿಂಗಿಗೆ ಹೂಂಗುಟ್ಟುವಾಗಲೂ ಅದೇ, ಕುಕ್ಕರಿನ ಸೀಟಿ ಎಣಿಸುವಾಗಲೂ ಅದೇ. ಆಟದ ದೆವ್ವಕ್ಕೆ ಇಷ್ಟು ಹೆದರುವವಳನ್ನು ಎಲ್ಲೂ ಕಂಡಿಲ್ಲವೆಂದು ಗಂಡ ಅಕ್ಷಯ ನಕ್ಕಿದ್ದ.

ಮಾವ ಜಯತೀರ್ಥರಾಯರು ಬಾಲಾನಗರದ ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ವಿಮಾನದ ಮೀಟರುಗಳ ತಪಾಸಣೆ ಮಾಡಿದವರು. ಮುಳ್ಳು ಕೂದಲೆಳೆಯಷ್ಟು ನಡುಗಿದರೂ ಕೆಂಪು ಚೀಟಿ ಅಂಟಿಸಿ ವಾಪಸು ಕಳಿಸುತ್ತಿದ್ದರಂತೆ. ರಾಯಚೂರಿನಿಂದ ಟ್ರಂಕು ಹೊತ್ತು ಕಾಚಿಗೂಡದಲ್ಲಿ ಇಳಿದ ಹುಡುಗ, ಸ್ಟೇಷನ್ನಿನ ಹಿಂದಿನ ಓಣಿಯಲ್ಲೇ ಮನೆ ಮಾಡಿ, ಅದೇ ಓಣಿಯಲ್ಲಿ ಎಪ್ಪತ್ತು ತುಂಬಿಸಿದರು. ತೆಲುಗಿನಲ್ಲಿ ತರಕಾರಿ, ಹಿಂದಿಯಲ್ಲಿ ಜಗಳ, ಮನೆಗೆ ಬಂದರೆ ಕನ್ನಡ. ಮನೆಯ ಗೋಡೆ ಗಡಿಯಾರ ಅರ್ಧ ನಿಮಿಷ ಹಿಂದೆ ಬಿದ್ದರೂ ಊಟ ರುಚಿಸದ ಮನುಷ್ಯ.

ಆ ಆಟದ ಯಂತ್ರವನ್ನು ಅವರು ಎಂಬತ್ನಾಲ್ಕರಲ್ಲಿ ಕೊಂಡದ್ದು, ದುಬೈಯಿಂದ ಬಂದಿದ್ದ ಸ್ನೇಹಿತನಿಂದ, ಅಬಿಡ್ಸ್‌ನ ಹೋಟೆಲೊಂದರಲ್ಲಿ ಚಹಾ ಕುಡಿಯುತ್ತ. ಮೇಜಿನ ಮೇಲಿಡುವ ಹಳದಿ ಪ್ಲಾಸ್ಟಿಕ್ಕಿನ ಪುಟ್ಟ ಪೆಟ್ಟಿಗೆ. ಅದರ ಗಾಜಿನೊಳಗೆ ಹಸಿರು ಬೆಳಕಿನ ಇಕ್ಕಟ್ಟು ದಾರಿಗಳು. ಒಂದು ದುಂಡು ಬಾಯಿ ಚುಕ್ಕೆಗಳನ್ನು ನುಂಗುತ್ತ ಓಡುತ್ತದೆ, ದೆವ್ವಗಳು ಅದರ ಬೆನ್ನು ಹತ್ತುತ್ತವೆ. ಅತ್ತೆ ತೀರಿಕೊಂಡ ಮೇಲೆ ಅಟ್ಟದಿಂದ ಇಳಿದ ಆ ಪೆಟ್ಟಿಗೆಗೆ ಮಾವ ತಾವೇ ತಂತಿ ಬೆಸೆದು ಜೀವ ಕೊಟ್ಟರು. ಅಂದಿನಿಂದ ದಿನಾ ಸಂಜೆ ಐದಕ್ಕೆ, ಆರು ವರ್ಷದ ಮೊಮ್ಮಗಳು ಗಾನವಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಆಡುತ್ತಾರೆ. ಅದಕ್ಕೆ ಮೊದಲು ಅವಳನ್ನು ಶಾಲೆಯಿಂದ ಸ್ಕೂಟರಿನಲ್ಲಿ ಕರೆತರುವುದೂ ಅವರೇ. ಬೆಳಿಗ್ಗೆ ಕಾರಿನಲ್ಲಿ ಬಿಡುವವನು ಅಕ್ಷಯ.

ಇತ್ತೀಚೆಗೆ ಮಾವ ಬೇಗ ಬೇಗ ಸೋಲತೊಡಗಿದ್ದರು. ಎಡಗಡೆಯ ಬೆಳಕು ಮಬ್ಬಾಗಿದೆ ಎಂದು ಎರಡು ಸಲ ಪೆಟ್ಟಿಗೆ ಬಿಚ್ಚಿದರು, ಗಾಜು ಒರೆಸಿದರು, ತಂತಿ ಬದಲಿಸಿದರು. ಆದರೂ ದೆವ್ವ ಎಡಗಡೆಯಿಂದ ಬಂದರೆ ಮುಗಿಯಿತು. ಗಾನವಿ ಮಾತ್ರ ಅವರ ತೋಳು ಹಿಡಿದುಕೊಂಡು, ಪರದೆಯಿಂದ ಕಣ್ಣು ತೆಗೆಯದೆ, "ಎಡಗಡಿ, ಅಜ್ಜಾ, ಎಡಗಡಿ" ಎಂದು ಮಂತ್ರದಂತೆ ಹೇಳುತ್ತಿದ್ದಳು.

ಈ ದಿನ ಬೆಳಿಗ್ಗೆ ಜಡೆ ಹಾಕುವಾಗ ಶ್ರೀವಿದ್ಯಾ ಮೆಲ್ಲಗೆ ಕೇಳಿದಳು, ಅಜ್ಜನಿಗೆ ನೀನ್ಯಾಕೆ ಹೇಳಿಕೊಡುವುದು ಎಂದು.

"ಅಜ್ಜಾಗ ಆ ಕಡೆ ಕಾಣಂಗಿಲ್ಲಮ್ಮ. ಸ್ಕೂಟರ್ ಮ್ಯಾಲೂ ನಾನೇ ಹೇಳ್ತೀನಿ. ಎಡಗಡಿ ಆಟೋ, ಎಡಗಡಿ ಬಸ್ಸು ಅಂತ. ಹೇಳಿದ್ರ ಪಾಯಿಂಟ್ ಕೊಡ್ತಾನ." ಸ್ವಲ್ಪ ತಡೆದು ಹುಡುಗಿ ಸೇರಿಸಿದಳು, "ನಿನ್ನೆ ಒಂದು ಮಿಸ್ ಆತು. ಬಸ್ಸಿನ ಅಂಕಲ್ ಭಾಳ ಬೈದರು."

ಶ್ರೀವಿದ್ಯಾಳ ಕೈಯಲ್ಲಿ ಜಡೆ ಬಿಚ್ಚಿಹೋಯಿತು.

ಮಗಳು ಹೋದ ಮೇಲೆ, ಮಾವ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಅವಳು ಪೆಟ್ಟಿಗೆಯ ಮುಂದೆ ಕೂತು ಸ್ವಿಚ್ಚು ಹಾಕಿದಳು. ಎಡಗಡೆಯ ದಾರಿಗಳು ಬಲಗಡೆಯಷ್ಟೇ ಢಾಳಾಗಿ ಉರಿಯುತ್ತಿದ್ದವು. ಒಂದು ಚುಕ್ಕೆಯೂ ಮಬ್ಬಾಗಿರಲಿಲ್ಲ. ಅವಳು ಆಡದೆ ಸುಮ್ಮನೆ ನೋಡಿದಳು. ದೆವ್ವ ಎಡಗಡೆಯಿಂದ ಅವಸರವಿಲ್ಲದೆ ಬಂದು ದುಂಡು ಬಾಯಿಯನ್ನು ಹಿಡಿಯಿತು. ಆಮೇಲೆ ಫೋನಿನಲ್ಲಿ ಕಣ್ಣು, ಮಿದುಳು, ಎಡಗಡೆ ಎಂದು ಹುಡುಕಿ, ಮಿದುಳಿಗೆ ಪೆಟ್ಟಾದರೆ ಒಂದು ಕಡೆಯ ನೋಟವೇ ಹೋಗಬಹುದು, ಹೋದದ್ದು ಅವರಿಗೇ ತಿಳಿಯದಿರಬಹುದು ಎಂದು ಓದಿದಳು. ಅಕ್ಷಯನಿಗೆ ಫೋನು ಮಾಡಿದರೆ, ರಾತ್ರಿ ಮಾತಾಡೋಣ, ಅಪ್ಪನ ಮನಸ್ಸು ಮುರೀಬೇಡ ಎಂದ. ಸ್ಕೂಟರು ಕಸಿದುಕೊಂಡರೆ ಅವರು ಎದ್ದು ಓಡಾಡುವುದನ್ನೇ ಬಿಡುತ್ತಾರಂತೆ.

ಎರಡೂವರೆಗೆ ಚಹಾ ಮಾಡಿದಳು. ಲೋಟವನ್ನು ಬೇಕೆಂದೇ ಮಾವನ ಎಡಗಡೆ ಇಟ್ಟು, ಚಹಾ ಇಟ್ಟಿದ್ದೇನೆ ಎಂದಳು.

ಮಾವ ಪೇಪರು ಮಡಚಿ, ಮುಂದೆ ನೋಡಿದರು, ಬಲಕ್ಕೆ ನೋಡಿದರು. "ಎಲ್ಲೈತವಾ? ನಿಮ್ಮ ಮೈಸೂರಾಗ ಬರೇ ಮಾತಿನಾಗ ಚಹಾ ಕೊಡತಾರೇನು?"

ಹಬೆ ಅವರ ಎಡಗೈಯ ಪಕ್ಕದಲ್ಲೇ ಏಳುತ್ತಿತ್ತು. ಅವಳಿಗೆ ನಗು ಬರಲಿಲ್ಲ.

"ಮಾವ, ಇವತ್ತು ಗಾನವೀನ ನಾನೇ ಹೋಗಿ ಕರ್ಕೊಂಡು ಬರ್ತೀನಿ. ನಿಮಗೆ ಎಡಗಡೆ ಸರಿಯಾಗಿ ಕಾಣ್ತಿಲ್ಲ ಅನ್ಸುತ್ತೆ."

ಅವರು ಪೇಪರನ್ನು ಪಕ್ಕಕ್ಕಿಟ್ಟರು. "ನಾ ಪಾಸ್ ಮಾಡಿದ ಮೀಟರ್ ನಂಬಿ ಮೂವತ್ತನಾಲ್ಕು ವರ್ಷ ವಿಮಾನ ಹಾರ್ಯಾವ. ನೀ ನನಗ ಕೆಂಪು ಚೀಟಿ ಹಚ್ಚತೀಯೇನವಾ? ಮಷೀನ್ ಕೆಟ್ಟೈತಿ, ಅಷ್ಟ. ನಾ ಅಲ್ಲ."

ದನಿ ಏರಿರಲಿಲ್ಲ. ಏರಿದ್ದರೆ ಅವಳೂ ಎದುರಾಡುತ್ತಿದ್ದಳೇನೋ. ಮಾವ ಹೆಲ್ಮೆಟ್ ಹಾಕಿಕೊಂಡು ಹೊರಟರು. ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ಬಡಿಯಿತು, ತಿರುಗಿಯೂ ನೋಡಲಿಲ್ಲ. ಸ್ಕೂಟರಿನ ಸದ್ದು ಓಣಿ ದಾಟಿ ದೊಡ್ಡ ರಸ್ತೆಯ ಹಾರ್ನುಗಳಲ್ಲಿ ಕರಗಿತು.

ಹೋಗುವಾಗ ಒಬ್ಬರೇ. ಬರುವಾಗ ಮುಂದೆ ಗಾನವಿ ನಿಂತಿರುತ್ತಾಳೆ, ಹನ್ನೆರಡು ಟನ್ನಿನ ಬಸ್ಸುಗಳ ನಡುವೆ ಅಜ್ಜನ ಎಡಗಣ್ಣಾಗಬೇಕಾದ ಹದಿನೆಂಟು ಕಿಲೋ ತೂಕದ ಮಗು. ಇನ್ನೊಂದು ಸಲ ಮಿಸ್ ಆದರೆ?

ಶ್ರೀವಿದ್ಯಾ ದೊಡ್ಡ ರಸ್ತೆಗೆ ಓಡಿ, ಒಂದು ಕೈಯಲ್ಲಿ ಆಟೋ ನಿಲ್ಲಿಸಿ, ಇನ್ನೊಂದರಲ್ಲಿ ಶಾಲೆಯ ನಂಬರು ಒತ್ತಿ, ಇವತ್ತು ಮಗಳನ್ನು ಬೇರೆಯವರ ಜೊತೆ ಕಳಿಸಬೇಡಿ, ನಾನೇ ಬರುತ್ತಿದ್ದೇನೆ ಎಂದಳು. ಗೇಟಿನಲ್ಲಿ ವಾಚ್‌ಮನ್ನನ ಎದುರು, ಬೇರೆ ತಾಯಂದಿರ ಎದುರು ಮಾವನ ಮುಖ ಹೇಗಾಗುತ್ತದೆಂದು ಅವಳಿಗೆ ಕಾಣುತ್ತಿತ್ತು. ಆಫೀಸಿನ ಹೆಂಗಸು ತೆಲುಗಿನಲ್ಲಿ, ಮಗುವನ್ನು ಯಾರ ಜೊತೆ ಕಳಿಸಬಾರದು, ಹೆಸರು ಹೇಳಿ, ಬರೆದುಕೊಳ್ಳಬೇಕು ಎಂದಳು.

"ಜಯತೀರ್ಥರಾವ್," ಎಂದಳು ಶ್ರೀವಿದ್ಯಾ. "ಅವಳ ತಾತ. ಬಂದರೆ ಅವರನ್ನೂ ಒಳಗೆ ಕೂರಿಸಿ. ನಾನು ಬರೋವರೆಗೂ ಅವರನ್ನ ಗಾಡಿ ಹತ್ತೋಕೆ ಬಿಡಬೇಡಿ."